ಕತ್ತರಿಯ ಚಿತ್ರಗಾರ್ತಿ ಲೊಟ್ಟೆ ರೈನಿಗರ್

ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಕುಳಿತಿದ್ದ ಯಾವ ವಿದ್ಯಾರ್ಥಿನಿಯೂ ಕತ್ತರಿಯನ್ನು ಮರೆತಿರಲಾರಳು. ಬಟ್ಟೆಯನ್ನು ಗೆರೆ ತಪ್ಪದೆ ಕತ್ತರಿಸಿದ ದಿನ ಉಪಾಧ್ಯಾಯಿನಿಯರಿಂದ ದೊರೆತ ಮೆಚ್ಚುಗೆ, ಗೆರೆ ತಪ್ಪಿದ ದಿನ ದೊರೆತ ಮೌನ, ಇವೆರಡೂ ಹಳೆಯ ವಿದ್ಯಾರ್ಥಿನಿಯರ ಸ್ಮರಣೆಯಲ್ಲಿ ಉಳಿದಿರುವುದು ಸಹಜವೇ. ಈ ಸಾಮಾನ್ಯವಾದ ಉಪಕರಣವನ್ನೇ ಕೈಯಲ್ಲಿ ಹಿಡಿದು ಅರುವತ್ತು ವರ್ಷಗಳ ಕಾಲ ದುಡಿದು, ಅದರಿಂದಲೇ ಅರಮನೆಗಳನ್ನೂ ಹಾರುವ ಕುದುರೆಯನ್ನೂ ಕಡೆಗೆ ಬೇತ್ಲೆಹೇಮಿನ ಗೋದಲಿಯನ್ನೂ ನಿರ್ಮಿಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುವೆನು.

ಆಕೆಯ ಹೆಸರು ಲೊಟ್ಟೆ ರೈನಿಗರ್. ಕರಾವಳಿಯ ಓದುಗರು ಈ ಹೆಸರನ್ನು ಕೇಳಿ ನಗಬಾರದು. ಶಾರ್ಲೊಟ್ಟೆ ಎಂಬ ನಾಮಧೇಯವನ್ನು ಜರ್ಮನರು ಅಕ್ಕರೆಯಿಂದ ಹೀಗೆ ಮೊಟಕು ಮಾಡುವರು; ಸುಳ್ಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಈಚಿನ ವರ್ಷಗಳಲ್ಲಿ ಕ್ರಿಸ್ತಜಯಂತಿಯ ಕಾಲ ಬಂತೆಂದರೆ ಮನೆಮನೆಯಲ್ಲಿ ಮಕ್ಕಳು ಅನಿಮೇಷನ್ ಚಿತ್ರಗಳನ್ನು ನೋಡುತ್ತಾರಷ್ಟೆ. ರಕ್ಷಕನ ಜನನದ ವೃತ್ತಾಂತವನ್ನು ಅವುಗಳಲ್ಲಿ ಕತ್ತೆಯೂ ಕುರಿಯೂ ಪಾರಿವಾಳವೂ ಮಾತಾಡುತ್ತಾ ಹೇಳುತ್ತವೆ. ಮಕ್ಕಳು ಮಾತ್ರವಲ್ಲದೆ ಅವರ ಅಜ್ಜಿಯಂದಿರೂ ನಗುತ್ತಾ ನೋಡುವ ಈ ಬಗೆಯ ಚಿತ್ರಗಳು ಬರುವುದಕ್ಕೆ ಬಹಳ ಮುಂಚೆ, ಅದೇ ವೃತ್ತಾಂತವನ್ನು ಕಪ್ಪು ಕಾಗದದ ನೆರಳುಗಳಿಂದ ಹೇಳಿದವಳು ಈಕೆಯೇ.

ಆಕೆಯು 1899ನೆಯ ಇಸವಿ ಜೂನ್ 2ನೆಯ ತಾರೀಖು ಬರ್ಲಿನ್ ಪಟ್ಟಣದ ಶಾರ್ಲೊಟ್ಟೆನ್‌ಬುರ್ಗ್ ಭಾಗದಲ್ಲಿ ಜನಿಸಿದಳು. ಚಿಕ್ಕಂದಿನಲ್ಲಿಯೇ ಕಾಗದವನ್ನು ಕತ್ತರಿಸಿ ಆಕೃತಿಗಳನ್ನು ತೆಗೆಯುವುದು ಆಕೆಗೆ ತಾನಾಗಿಯೇ ಬಂದ ವಿದ್ಯೆಯಾಗಿತ್ತು. ಇತರ ಮಕ್ಕಳು ಸೀಸದ ಕಡ್ಡಿಯಿಂದ ಚಿತ್ರ ಬರೆಯುವಂತೆ ಈ ಬಾಲಕಿಯು ಕತ್ತರಿಯಿಂದ ಬರೆಯುತ್ತಿದ್ದಳು. ಮನೆಯಲ್ಲಿ ಒಂದು ಸಣ್ಣ ನೆರಳಿನ ನಾಟಕಶಾಲೆಯನ್ನು ತಾನೇ ಮಾಡಿಕೊಂಡು, ಬಂಧುಮಿತ್ರರನ್ನು ಕೂರಿಸಿ, ಷೇಕ್ಸ್‌ಪಿಯರನ ನಾಟಕಗಳನ್ನು ಆಡಿಸುತ್ತಿದ್ದಳಂತೆ. ನಮ್ಮ ಹಳ್ಳಿಗಳ ತೊಗಲುಬೊಂಬೆಯಾಟವನ್ನು ಕಂಡವರಿಗೆ ಆ ಆಟದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

1915ರಲ್ಲಿ ಪಾಲ್ ವೆಗೆನರ್ ಎಂಬ ಹೆಸರಾಂತ ನಟನು ಚಲನಚಿತ್ರದ ವಿಚಾರವಾಗಿ ಮಾಡಿದ ಉಪನ್ಯಾಸವನ್ನು ಆಕೆ ಕೇಳಿದಳು. ಕ್ಯಾಮರಾದ ಚಮತ್ಕಾರದಿಂದ ಇಲ್ಲದ್ದನ್ನು ಇರುವಂತೆ ತೋರಿಸಬಹುದೆಂಬ ಸಂಗತಿಯು ಆ ಹದಿನಾರು ವರ್ಷದ ಹುಡುಗಿಯ ಮನಸ್ಸಿನಲ್ಲಿ ಬೇರೂರಿತು. ತಂದೆತಾಯಿಗಳನ್ನು ಕಾಡಿ ಬೇಡಿ, ವೆಗೆನರನು ನಟಿಸುತ್ತಿದ್ದ ಮಾಕ್ಸ್ ರೈನ್‌ಹಾರ್ಟನ ನಾಟಕಸಂಸ್ಥೆಯ ಶಾಲೆಗೆ ಸೇರಿದಳು. ಅಲ್ಲಿ ರಂಗದ ಪಕ್ಕದಲ್ಲಿ ನಿಂತು, ಆಡುತ್ತಿರುವ ನಟರ ಆಕೃತಿಗಳನ್ನು ಕಾಗದದಲ್ಲಿ ಕತ್ತರಿಸುತ್ತಿದ್ದಳು. ತಮ್ಮ ನಿಲುವನ್ನೂ ಗತ್ತನ್ನೂ ಇಷ್ಟು ಸ್ಪಷ್ಟವಾಗಿ ತೋರಿಸಿದವಳನ್ನು ನಟರು ಮೆಚ್ಚಿಕೊಳ್ಳದೆ ಇರುವರೇ? ವೆಗೆನರನ ಗಮನವೂ ಅವಳ ಕಡೆಗೆ ತಿರುಗಿತು.

1918ರಲ್ಲಿ ಆತನು ಹ್ಯಾಮೆಲಿನ್ ಪಟ್ಟಣದ ಕೊಳಲುಗಾರನ ಕಥೆಯನ್ನು ಚಿತ್ರವಾಗಿ ತೆಗೆದಾಗ ಒಂದು ಪೇಚು ಒದಗಿತು. ಕೊಳಲಿನ ನಾದಕ್ಕೆ ಮರುಳಾಗಿ ಬೀದಿಯಲ್ಲಿ ಸಾಲುಗಟ್ಟಿ ಹೋಗಬೇಕಾದ ಇಲಿಗಳು ನಿರ್ದೇಶಕನ ಮಾತನ್ನು ಕೇಳುವುವೇ? ಕಡೆಗೆ ಮರದ ಇಲಿಗಳನ್ನು ಮಾಡಿಸಿ, ಒಂದೊಂದನ್ನೂ ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರ ತೆಗೆಯಬೇಕಾಯಿತು. ಆ ಕೆಲಸದಲ್ಲಿ ಸಹಾಯ ಮಾಡಿದವರಲ್ಲಿ ಈಕೆಯೂ ಒಬ್ಬಳು. ಜೀವವಿಲ್ಲದ ಮೃಗಕ್ಕೆ ನಡಿಗೆಯನ್ನು ಕೊಡುವ ವಿದ್ಯೆಯನ್ನು ಆಕೆ ಹೀಗೆ ಇಲಿಗಳಿಂದ ಆರಂಭಿಸಿದಳು. ಮರುವರ್ಷ, 1919ರಲ್ಲಿ, ಇಂಥ ಪ್ರಯೋಗಗಳನ್ನು ನಡೆಸುತ್ತಿದ್ದ ಬರ್ಲಿನಿನ ಒಂದು ಸಂಸ್ಥೆಯಲ್ಲಿ ತನ್ನ ಮೊದಲನೆಯ ಛಾಯಾಕೃತಿಗಳ ಕಿರುಚಿತ್ರವನ್ನು ತಯಾರಿಸಿದಳು. ಕಾರ್ಲ್ ಕೋಖ್ ಎಂಬಾತನ ಪರಿಚಯವಾದದ್ದು ಅಲ್ಲಿಯೇ. 1921ರಲ್ಲಿ ಅವರಿಬ್ಬರ ವಿವಾಹವಾಯಿತು. ಅಂದಿನಿಂದ ಕತ್ತರಿಯು ಹೆಂಡತಿಯದು, ಕ್ಯಾಮರಾ ಗಂಡನದು.

ಈ ಚಿತ್ರಗಳನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ, ಯಾಕಂದರೆ ಅದನ್ನು ತಿಳಿಯದಿದ್ದರೆ ಆಕೆಯ ಸಹನೆಯ ಅಳತೆಯು ನಮಗೆ ಸಿಕ್ಕಲಾರದು. ಒಂದು ಮೇಜಿನ ಹಲಗೆಯಲ್ಲಿ ಕಂಡಿಯನ್ನು ಮಾಡಿ ಅದರ ಮೇಲೆ ಗಾಜನ್ನು ಇಡುವರು. ಗಾಜಿನ ಕೆಳಗೆ ದೀಪ, ಗಾಜಿನ ಮೇಲೆ ತೆಳುವಾದ ಹಾಳೆಗಳು. ಮೇಲುಗಡೆಯಲ್ಲಿ ಕೆಳಮುಖವಾಗಿ ಕ್ಯಾಮರಾ. ಮನುಷ್ಯನ ಆಕೃತಿಯನ್ನು ಕಪ್ಪು ರಟ್ಟಿನಿಂದಲೂ ತೆಳ್ಳಗಿನ ಸೀಸದ ತಗಡಿನಿಂದಲೂ ತುಂಡುತುಂಡಾಗಿ ಕತ್ತರಿಸಿ, ಕತ್ತು, ಭುಜ, ಮೊಣಕೈ, ಸೊಂಟ, ಮೊಣಕಾಲು ಈ ಸಂದಿಗಳಲ್ಲೆಲ್ಲಾ ಸಣ್ಣ ತಂತಿಯಿಂದ ಕಟ್ಟುವರು. ಹೀಗೆ ಸಿದ್ಧವಾದ ಬೊಂಬೆಯನ್ನು ಗಾಜಿನ ಮೇಲೆ ಮಲಗಿಸಿ ಒಂದು ಚಿತ್ರ ತೆಗೆಯಬೇಕು. ಕೈಯನ್ನು ಒಂದಿಷ್ಟೇ ಸರಿಸಿ ಇನ್ನೊಂದು. ಮತ್ತೆ ಸರಿಸಿ ಮತ್ತೊಂದು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುವುದರಿಂದ ಹತ್ತು ನಿಮಿಷದ ಆಟಕ್ಕೆ 14,400 ಚಿತ್ರಗಳು ಬೇಕಾಗುತ್ತವೆ. ನಡುವೆ ಒಂದು ಸೀನು ಬಂದು ಆಕೃತಿಗಳು ಕದಲಿದರೆ ಅಲ್ಲಿಯವರೆಗಿನ ಶ್ರಮವು ಹಾಳು.

ಛಾಯಾಕೃತಿಗೆ ಕಣ್ಣಿಲ್ಲ, ತುಟಿಯಿಲ್ಲ, ಹುಬ್ಬು ಗಂಟಿಕ್ಕುವ ಹಣೆಯಿಲ್ಲ. ದುಃಖವನ್ನು ತೋರಿಸಬೇಕಾದರೆ ಕತ್ತು ಬಾಗಬೇಕು. ಪ್ರೀತಿಯನ್ನು ತೋರಿಸಬೇಕಾದರೆ ಬೆರಳುಗಳು ಚಾಚಬೇಕು. ಮೃಗಗಳ ವಿಷಯದಲ್ಲಿಯೂ ಹೀಗೆಯೇ. ಅದಕ್ಕಾಗಿ ಆಕೆ ಮೃಗಶಾಲೆಗೆ ಹೋಗಿ ಪ್ರಾಣಿಗಳ ನಡಿಗೆಯನ್ನು ದೀರ್ಘಕಾಲ ಗಮನಿಸುತ್ತಿದ್ದಳು. ನಾಲ್ಕು ಕಾಲಿನ ಪ್ರಾಣಿಯು ಯಾವ ಕಾಲನ್ನು ಮೊದಲು ಎತ್ತುವುದು, ಆಗ ಅದರ ಬೆನ್ನು ಎಲ್ಲಿ ತಗ್ಗುವುದು ಎಂಬುದನ್ನು ದಿನವೂ ಎಮ್ಮೆಗಳನ್ನು ಕಾಣುವ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

1923ರಲ್ಲಿ ಜರ್ಮನಿಯ ಹಣದ ಬೆಲೆಯು ದಿನದಿನಕ್ಕೆ ಕುಸಿಯುತ್ತಿದ್ದಾಗ ಲೂಯಿ ಹಾಗೆನ್ ಎಂಬ ಬ್ಯಾಂಕಿನ ಯಜಮಾನನು, ನಾಣ್ಯವನ್ನು ನಂಬಲಾರದೆ, ಕಚ್ಚಾ ಫಿಲ್ಮಿನ ಸುರುಳಿಗಳನ್ನು ಬಹಳವಾಗಿ ಕೊಂಡಿಟ್ಟಿದ್ದನು. ಆತನು ಈ ಯುವತಿಯ ಕೆಲಸವನ್ನು ನೋಡಿ, ಆ ಸುರುಳಿಗಳಿಂದ ಪೂರ್ಣ ಪ್ರಮಾಣದ ಚಿತ್ರವೊಂದನ್ನು ಮಾಡಬಾರದೇಕೆಂದು ಕೇಳಿದನು. ಆಗ ಅನಿಮೇಷನ್ ಚಿತ್ರವೆಂದರೆ ಹತ್ತು ನಿಮಿಷದ ವಿನೋದವೆಂದು ಎಲ್ಲರೂ ತಿಳಿದಿದ್ದ ಕಾಲ. ಪಾಟ್ಸ್‌ಡ್ಯಾಮಿನಲ್ಲಿ ಆತನ ಮನೆಯ ಬಳಿಯ ವಾಹನಶಾಲೆಯ ಅಟ್ಟವೇ ಕಾರ್ಖಾನೆಯಾಯಿತು. ಸೂರು ತಗ್ಗಾದ ಆ ಜಾಗದಲ್ಲಿ ಗಂಡಹೆಂಡಿರೂ ಕೆಲವು ಸಹಾಯಕರೂ ಮೂರು ವರ್ಷ ದುಡಿದು, ಅರಬ್ಬೀ ಕಥೆಗಳಿಂದ ಹೆಣೆದ ರಾಜಕುಮಾರ ಅಹಮದನ ಸಾಹಸಗಳು ಎಂಬ ಚಿತ್ರವನ್ನು 1926ರಲ್ಲಿ ಮುಗಿಸಿದರು. ಗಾಜುಗಳನ್ನು ಒಂದರ ಮೇಲೊಂದು ಅಂತರವಿಟ್ಟು ಜೋಡಿಸಿ ದೂರ ಸಮೀಪಗಳನ್ನು ತೋರಿಸುವ ಉಪಾಯವನ್ನೂ ಅವರು ಅಲ್ಲಿ ಬಳಸಿದರು. ವಾಲ್ಟ್ ಡಿಸ್ನಿಯ ಸಂಸ್ಥೆಯು ಇಂಥದೇ ಉಪಾಯಕ್ಕಾಗಿ ಹೆಸರಾದದ್ದು ಸುಮಾರು ಹತ್ತು ವರ್ಷಗಳಾದ ಮೇಲೆ. ಡಿಸ್ನಿಯ ಹಿಮಬಿಳಿ ಕುವರಿಯ ಚಿತ್ರವು ಬಂದದ್ದು 1937ರಲ್ಲಿ; ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಈ 26 ವರ್ಷದ ಹೆಂಗಸು ಮಾಡಿದ ಚಿತ್ರವೇ.

ಅದರ ನಂತರ ಆಕೆಯು ಕೈಗೆತ್ತಿಕೊಂಡದ್ದು ಮಾತಾಡುವ ಪ್ರಾಣಿಗಳ ಕಥೆ. ಹ್ಯೂ ಲಾಫ್ಟಿಂಗ್ ಎಂಬ ಇಂಗ್ಲಿಷ್ ಗೃಹಸ್ಥನು ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಿಂದ ತನ್ನ ಮಕ್ಕಳಿಗೆ ಪತ್ರ ಬರೆಯುವಾಗ, ಯುದ್ಧದ ವಾರ್ತೆಯನ್ನು ಮಕ್ಕಳಿಗೆ ಹೇಗೆ ಬರೆಯುವುದೆಂದು ಹಿಂಜರಿದು, ಪ್ರಾಣಿಗಳ ಭಾಷೆಯನ್ನು ಕಲಿತ ಡೂಲಿಟಲ್ ಎಂಬ ವೈದ್ಯನ ಕಥೆಯನ್ನು ಕಲ್ಪಿಸಿದನು. ಗಾಯಗೊಂಡ ಸೈನಿಕರಿಗೆ ಸಿಗುತ್ತಿದ್ದ ಚಿಕಿತ್ಸೆಯು ಗಾಯಗೊಂಡ ಕುದುರೆಗಳಿಗೆ ಸಿಗದಿದ್ದದ್ದೇ ಆ ಕಲ್ಪನೆಗೆ ಕಾರಣವಾಯಿತು. ಪ್ರಾಣಿಗಳು ಮಾತಾಡುವ ಕಥೆಗಳೆಲ್ಲವೂ ಬರಿಯ ಹುಡುಗಾಟವೆಂದು ತಿಳಿಯುವವರು ಇದನ್ನು ನೆನಪಿನಲ್ಲಿಡಬೇಕು. ಶ್ರೀಮತಿ ರೈನಿಗರಳು ಈ ಕಥೆಯನ್ನು 1928ರಲ್ಲಿ ಮೂರು ಭಾಗಗಳಲ್ಲಿ ಚಿತ್ರಿಸಿದಳು. ಕೋತಿಗಳು ಒಂದರ ಕೈಯನ್ನು ಒಂದು ಹಿಡಿದು ಸೇತುವೆಯಾಗಿ ವೈದ್ಯನನ್ನು ದಾಟಿಸುವ ಸಂಗತಿಯು ಅದರಲ್ಲಿ ಬರುತ್ತದೆ. ಆ ಚಿತ್ರವು ಮೂಕಿಯಾದ್ದರಿಂದ ಪ್ರಾಣಿಗಳ ಮಾತು ಕೇಳಿಸುವಂತಿರಲಿಲ್ಲ. ಅವು ಬಾಲದಿಂದಲೂ ಕತ್ತಿನಿಂದಲೂ ಮಾತಾಡಿದವು.

ಮುಂದೆ ಬಂದದ್ದು ಕಷ್ಟಕಾಲ. 1933ರಲ್ಲಿ ಹಿಟ್ಲರನ ಪಕ್ಷವು ಅಧಿಕಾರಕ್ಕೆ ಬಂದಿತು. ಈ ದಂಪತಿಗಳು ಯೆಹೂದ್ಯರಲ್ಲ. ಸುಮ್ಮನಿದ್ದಿದ್ದರೆ ಅವರನ್ನು ಯಾರೂ ಮುಟ್ಟುತ್ತಿರಲಿಲ್ಲವೇನೋ. ಆದರೆ ಅವರ ಸ್ನೇಹಿತರಲ್ಲಿ ಅನೇಕರು ಯೆಹೂದ್ಯರು. ಆ ಸ್ನೇಹಿತರಿಗೆ ಆಗುತ್ತಿದ್ದದ್ದನ್ನು ನೋಡುತ್ತಾ ಅಲ್ಲಿ ಬಾಳುವುದು ಅವರಿಂದಾಗಲಿಲ್ಲ. 1935–36ರ ಸುಮಾರಿನಲ್ಲಿ ಅವರು ಸ್ವದೇಶವನ್ನು ಬಿಟ್ಟು ಹೊರಟರು.

ಹೊರಟವರಿಗೆ ನೆಲೆ ಎಲ್ಲಿ? ಶಾಶ್ವತವಾಗಿ ನೆಲೆಸಲು ಯಾವ ದೇಶವೂ ಅವರಿಗೆ ಅಪ್ಪಣೆ ಕೊಡಲಿಲ್ಲ. ಇಂಗ್ಲೆಂಡು ಕೊಟ್ಟ ರಹದಾರಿಯ ಗಡುವು ತೀರಿದರೆ ಫ್ರಾನ್ಸಿಗೆ, ಅಲ್ಲಿಯದು ತೀರಿದರೆ ಇನ್ನೊಂದು ಕಡೆಗೆ, ಹೀಗೆ ಪೆಟ್ಟಿಗೆಯನ್ನು ಕಟ್ಟುವುದೂ ಬಿಚ್ಚುವುದೂ ಅವರ ಸಂಸಾರವಾಯಿತು. ಕೆಲವು ವೇಳೆ ಗಂಡನು ಒಂದು ದೇಶದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಪ್ಯಾರಿಸಿನಲ್ಲಿ ಜಾನ್ ರೆನ್ವಾರ್ ಎಂಬ ಪ್ರಸಿದ್ಧ ನಿರ್ದೇಶಕನು ಅವರಿಗೆ ಆಪ್ತನಾಗಿ ಕೋಖನಿಗೆ ಕೆಲಸ ಕೊಟ್ಟನು. ಆತನ ಒಂದು ಚಿತ್ರದಲ್ಲಿ ಬರುವ ನೆರಳಿನಾಟವನ್ನು ಈಕೆಯೇ ಮಾಡಿಕೊಟ್ಟಳು. ಲಂಡನಿನ ಅಂಚೆ ಇಲಾಖೆಯ ಚಿತ್ರವಿಭಾಗಕ್ಕೂ ಆಕೆಯು ಸಣ್ಣ ಚಿತ್ರಗಳನ್ನು ಮಾಡಿದಳು. ಬೇರೆ ಕಲಾವಿದರಿಗೆ ದೊಡ್ಡ ಕಾರ್ಯಾಗಾರ ಬೇಕು. ಈಕೆಗೆ ಕತ್ತರಿಯೊಂದಿದ್ದರೆ ಸಾಕಾಗಿತ್ತು, ಅದು ಪೆಟ್ಟಿಗೆಯ ಮೂಲೆಯಲ್ಲಿ ಹಿಡಿಯುತ್ತಿತ್ತು. ಇಲ್ಲದಿದ್ದರೆ ಆ ವರ್ಷಗಳಲ್ಲಿ ಆಕೆಯ ಕಲೆಯು ಅಳಿದೇ ಹೋಗುತ್ತಿತ್ತು.

ಎರಡನೆಯ ಮಹಾಯುದ್ಧವು ಆರಂಭವಾದ ಮೇಲೆ ಅವರು ರೋಮಿನಲ್ಲಿದ್ದರು. 1940ರಲ್ಲಿ ಇಟಲಿಯೂ ಯುದ್ಧಕ್ಕೆ ಇಳಿದಾಗ ಅಲ್ಲಿ ಚಿತ್ರ ತೆಗೆಯುತ್ತಿದ್ದ ರೆನ್ವಾರನು ಹೊರಟುಹೋಗಬೇಕಾಯಿತು. ಆತನು ಬಿಟ್ಟ ಕೆಲಸವನ್ನು ಕೋಖನು ಮುಗಿಸಿದನು. ಇತ್ತ ಬರ್ಲಿನಿನಲ್ಲಿ ಲೊಟ್ಟೆಯ ತಾಯಿಯು ಕಾಯಿಲೆಯಿಂದ ನರಳುತ್ತಿದ್ದಳು. ಯಾವ ಆಡಳಿತವನ್ನು ಸಹಿಸಲಾರದೆ ದೇಶ ಬಿಟ್ಟಿದ್ದಳೋ ಅದೇ ಆಡಳಿತದ ಕೆಳಗೆ, ಆಕಾಶದಿಂದ ಬಾಂಬು ಸುರಿಯುತ್ತಿದ್ದ ಆ ಪಟ್ಟಣಕ್ಕೆ, ತಾಯಿಗಾಗಿ ಮಗಳು ಮರಳಿ ಬಂದಳು. ಅಲ್ಲಿ ಚಿನ್ನದ ಬಾತುಕೋಳಿಯ ಕಥೆಯೊಂದನ್ನು ಚಿತ್ರವಾಗಿ ಮಾಡಿಕೊಡಬೇಕಾಯಿತು. ಇದನ್ನು ಹಿಡಿದು ಆಕೆಯನ್ನು ದೂರುವವರಿದ್ದಾರೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡ ಹೆಣ್ಣುಮಕ್ಕಳು ಆ ಮಾತಿಗೆ ಹೆಚ್ಚು ಬೆಲೆ ಕೊಡಲಾರರೆಂದು ನನಗೆ ತೋರುತ್ತದೆ. ಅಂತೂ ಯುದ್ಧವು ಮುಗಿಯುವ ವೇಳೆಗೆ ಆ ಚಿತ್ರವು ಅಪೂರ್ಣವಾಗಿಯೇ ಉಳಿದಿತ್ತು. ಬರ್ಲಿನ್ ಪತನದ ಗದ್ದಲದಲ್ಲಿ ರಾಜಕುಮಾರ ಅಹಮದನ ಮೂಲ ಫಿಲ್ಮೂ ನಾಶವಾಯಿತು.

1949ರಲ್ಲಿ ದಂಪತಿಗಳು ಲಂಡನಿಗೆ ಹೋಗಿ ನೆಲೆಸಿದರು. ಆಗ ಆಕೆಗೆ ಐವತ್ತು ವರ್ಷ. ಮತ್ತೆ ಅಂಚೆ ಇಲಾಖೆಯ ಕೆಲಸ; ಕ್ರಿಸ್‌ಮಸ್ ಪತ್ರಗಳನ್ನು ತಡಮಾಡದೆ ಹಾಕಬೇಕೆಂದು ಜನರಿಗೆ ತಿಳಿಸುವ ಚಿಕ್ಕ ಚಿತ್ರವೂ ಅವುಗಳಲ್ಲೊಂದು. ಇಂತಿರಲು ಹಳೆಯ ಬಾಂಧವ್ಯವೊಂದು ಮತ್ತೆ ಚಿಗುರಿತು. ಪಾಟ್ಸ್‌ಡ್ಯಾಮಿನ ಅಟ್ಟದಲ್ಲಿ ಅಹಮದನ ಕುದುರೆಯು ಹಾರುವುದನ್ನು ಚಿಕ್ಕ ಹುಡುಗನಾಗಿ ಕಂಡಿದ್ದ ಹಾಗೆನನ ಮಗನು ಆಗ ಲಂಡನಿನಲ್ಲಿದ್ದನು. ಅವನ ಹೆಸರೂ ಲೂಯಿಯೇ. ಯೆಹೂದ್ಯನಾದ ಅವನನ್ನು 1934ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಒಂದು ಕಾಗದದಲ್ಲಿ ಬರೆದ ಹಾಸ್ಯದ ಮಾತಿಗಾಗಿ ಹಿಟ್ಲರನ ಜನರು ಸೆರೆಶಿಬಿರಕ್ಕೆ ಹಾಕಿದ್ದರು. ಬಿಡುಗಡೆಯಾಗಿ ಇಂಗ್ಲೆಂಡಿಗೆ ಬಂದು, 1944ರಲ್ಲಿ ಆರ್ನ್‌ಹೆಮಿನ ಕಾಳಗದಲ್ಲಿ ಬ್ರಿಟಿಷ್ ಸೇನೆಯ ಪರವಾಗಿ ಹೋರಾಡಿ ಪದಕವನ್ನು ಪಡೆದನು. ತಂದೆಯು ಫಿಲ್ಮಿನ ಸುರುಳಿಗಳನ್ನು ಕೊಟ್ಟಂತೆ ಮಗನು 1953ರಲ್ಲಿ ಪ್ರಿಮ್‌ರೋಸ್ ಎಂಬ ಚಿತ್ರಸಂಸ್ಥೆಯನ್ನು ಕಟ್ಟಿಕೊಟ್ಟನು. ಎರಡು ಮೂರು ವರ್ಷಗಳಲ್ಲಿ ಸಿಂಡರೆಲ್ಲಾ, ಕಪ್ಪೆಯ ರಾಜಕುಮಾರ, ಬೂಟು ತೊಟ್ಟ ಬೆಕ್ಕು, ಮಿಡತೆ ಮತ್ತು ಇರುವೆ ಮೊದಲಾದ ಹನ್ನೆರಡಕ್ಕೂ ಹೆಚ್ಚು ಕಥೆಗಳು ಆಕೆಯ ಕತ್ತರಿಯಿಂದ ಹೊರಟು ದೂರದರ್ಶನದ ಮೂಲಕ ಮಕ್ಕಳನ್ನು ಮುಟ್ಟಿದವು. ಅವುಗಳಲ್ಲಿ ಧೀರನಾದ ಚಿಕ್ಕ ದರ್ಜಿಯ ಚಿತ್ರಕ್ಕೆ 1955ರಲ್ಲಿ ವೆನಿಸ್ ನಗರದಲ್ಲಿ ಪಾರಿತೋಷಕ ದೊರೆಯಿತು.

ಇದಾದ ಮರುವರ್ಷ, 1956ರಲ್ಲಿ, ಬೇತ್ಲೆಹೇಮಿನ ನಕ್ಷತ್ರ ಎಂಬ ಚಿತ್ರವು ಹೊರಬಂತು. ಅದು ಇಪ್ಪತ್ತು ನಿಮಿಷಗಳನ್ನೂ ಮೀರದ ಕಿರುಚಿತ್ರ. ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಆಕೃತಿಗಳು. ಛತ್ರದಲ್ಲಿ ಇಂಬು ಸಿಕ್ಕದೆ ದನದ ಕೊಟ್ಟಿಗೆಯನ್ನು ಸೇರಿದ ಯೋಸೇಫ ಮರಿಯರ ಕಥೆಯು ಈಕೆಗೆ ಬರಿಯ ಹಬ್ಬದ ಕಥೆಯಾಗಿರಲಾರದೆಂದು ನಾನು ನೆನಸುತ್ತೇನೆ. ರಹದಾರಿಯನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುವುದೆಂದರೆ ಏನೆಂಬುದನ್ನು ಆಕೆಯು ವರ್ಷಾನುಗಟ್ಟಲೆ ಅನುಭವಿಸಿದ್ದಳು. ಹೆರೋದನಿಗೆ ಹೆದರಿ ಐಗುಪ್ತಕ್ಕೆ ಓಡಿದ ಕುಟುಂಬದಂತೆಯೇ ಓಡಿದವರು ಆಕೆಯ ಮಿತ್ರರು. ಆ ಚಿತ್ರವನ್ನು ಹೊರತಂದ ಸಂಸ್ಥೆಯ ಸ್ಥಾಪಕನೂ ಅಂಥವನೇ.

ಇಂಥ ಚಿತ್ರದಲ್ಲಿ ಬೆಳಕನ್ನು ತೋರಿಸುವ ರೀತಿಯೇ ಬೇರೆ. ಬಣ್ಣ ಹಚ್ಚುವ ಚಿತ್ರಗಾರನು ನಕ್ಷತ್ರವನ್ನು ಬರೆಯಬೇಕಾದರೆ ಬಿಳಿಯ ಬಣ್ಣವನ್ನು ಮೇಲೆ ಇಡುತ್ತಾನೆ. ಗಾಜಿನ ಮೇಜಿನ ಕಲೆಯಲ್ಲಿ ಬೆಳಕು ಮೊದಲೇ ಕೆಳಗೆ ಉರಿಯುತ್ತಿರುತ್ತದೆ. ಹಾಳೆಯ ಮೇಲೆ ಹಾಳೆಯನ್ನು ಹಾಸಿದಷ್ಟೂ ಕತ್ತಲು, ತೆಗೆದಷ್ಟೂ ಪ್ರಕಾಶ. ಮೂಡಣ ದೇಶದ ಜೋಯಿಸರನ್ನು ನಡಿಸಿದ ನಕ್ಷತ್ರದ ಕಥೆಗೆ ಇದಕ್ಕಿಂತ ತಕ್ಕ ವಿಧಾನವು ಇರಲಾರದು.

ಇನ್ನು ಗೋದಲಿಯ ಬಳಿಯ ಮೃಗಗಳ ಮಾತು. ಲೂಕನ ಸುವಾರ್ತೆಯನ್ನು ಎಚ್ಚರಿಕೆಯಿಂದ ಓದಿದವರು ಬಲ್ಲರು: ಅಲ್ಲಿ ಗೋದಲಿ ಉಂಟು, ಕುರಿಹಿಂಡು ಹೊಲದಲ್ಲುಂಟು; ಎತ್ತಾಗಲಿ ಕತ್ತೆಯಾಗಲಿ ಇಲ್ಲ. ಎತ್ತೂ ಕತ್ತೆಯೂ ತಮ್ಮ ಒಡೆಯನನ್ನು ಗುರುತಿಸುವವೆಂದು ಯೆಶಾಯನ ಗ್ರಂಥದ ಆದಿಯಲ್ಲಿ ಬರುವ ಮಾತಿನಿಂದ ಪೂರ್ವಿಕರು ಅವನ್ನು ಕೊಟ್ಟಿಗೆಗೆ ತಂದು ಕಟ್ಟಿದರು. ನಾಲ್ಕನೆಯ ಶತಮಾನದ ಕಲ್ಲಿನ ಕೆತ್ತನೆಗಳಲ್ಲಿಯೇ ಅವು ಶಿಶುವಿನ ಪಕ್ಕದಲ್ಲಿ ನಿಂತಿವೆ. 1223ರಲ್ಲಿ ಅಸ್ಸೀಸಿಯ ಫ್ರಾನ್ಸಿಸನು ಗ್ರೆಚ್ಚೊ ಎಂಬ ಊರಲ್ಲಿ ಜೀವಂತವಾದ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ ಹಬ್ಬವನ್ನು ಆಚರಿಸಿದನು. ಆ ಪುಣ್ಯರಾತ್ರಿಯ ನಡುಜಾವದಲ್ಲಿ ಕೊಟ್ಟಿಗೆಯ ಮೃಗಗಳಿಗೆ ಮಾತು ಬರುವುದೆಂಬ ನಂಬಿಕೆಯು ಯುರೋಪಿನ ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. ಈಗಿನ ಚಿತ್ರಗಳು ಆ ನಂಬಿಕೆಯ ಮೊಮ್ಮಕ್ಕಳು.

1977ರ ಒಂದು ಅಮೆರಿಕನ್ ಬೊಂಬೆಚಿತ್ರದಲ್ಲಿ, ಉದ್ದ ಕಿವಿಗಾಗಿ ಎಲ್ಲರ ಅಪಹಾಸ್ಯಕ್ಕೂ ಗುರಿಯಾದ ನೆಸ್ಟರ್ ಎಂಬ ಕತ್ತೆಯು ಮರಿಯಳನ್ನು ಬೇತ್ಲೆಹೇಮಿಗೆ ಹೊತ್ತೊಯ್ಯುತ್ತದೆ. 1978ರಲ್ಲಿ ಡಿಸ್ನಿಯವರು ಮಾಡಿದ ಕಿರುಚಿತ್ರದಲ್ಲಿ ಹುಡುಗನೊಬ್ಬನು ತನ್ನ ಮುದಿ ಕತ್ತೆಯನ್ನು ಮಾರಲು ಅಲೆದಲೆದು, ಕಡೆಗೆ ಯೋಸೇಫನ ಕೈಗೆ ಒಪ್ಪಿಸುತ್ತಾನೆ. 2017ರ ದಿ ಸ್ಟಾರ್ ಎಂಬ ಚಿತ್ರದಲ್ಲಿ ಗಿರಣಿಯ ಕಲ್ಲನ್ನು ಸುತ್ತಿ ಸುತ್ತಿ ಬೇಸತ್ತ ಬೋ ಎಂಬ ಕತ್ತೆಯೇ ಕಥಾನಾಯಕ. ಅದೂ ಅದರ ಗೆಳೆಯರೂ ಎಡೆಬಿಡದೆ ಮಾತಾಡುತ್ತವೆ. ಮಕ್ಕಳಿಗೆ ಇದು ಬಲು ಇಷ್ಟ. ಹೊರೆ ಹೊರುವ ಪ್ರಾಣಿಯ ಕಣ್ಣಿನಿಂದ ಆ ದಾರಿಯನ್ನು ನೋಡುವುದರಲ್ಲಿ ತಪ್ಪೂ ಇಲ್ಲ. ಆದರೂ ಅವುಗಳ ಮಾತಿನ ಭರದಲ್ಲಿ ಕೊಟ್ಟಿಗೆಯ ಮೌನವು ಕೆಲವು ಸಾರಿ ಕಳೆದುಹೋಗುತ್ತದೆ ಎಂದು ನನ್ನಂಥ ಹಳಬರಿಗೆ ಅನ್ನಿಸುವುದುಂಟು. ತುಟಿಯೇ ಇಲ್ಲದ ಕಾಗದದ ಪ್ರಾಣಿಯು ಕತ್ತನ್ನು ತಗ್ಗಿಸಿದರೆ ಸಾಕು, ನೋಡುವವರಿಗೆ ಅರ್ಥವಾಗುತ್ತದೆ.

ಮುಂದಿನ ಕೆಲವು ವರ್ಷಗಳು ನಾಟಕಶಾಲೆಗಳಿಗೆ ನೆರಳಿನ ದೃಶ್ಯಗಳನ್ನು ಮಾಡಿಕೊಡುವುದರಲ್ಲಿ ಕಳೆದವು. 1963ರಲ್ಲಿ ಕೋಖನು ತೀರಿಕೊಂಡನು. ನಾಲ್ವತ್ತೆರಡು ವರ್ಷ ಮೇಲಿನಿಂದ ಕ್ಯಾಮರಾವನ್ನು ನಡೆಸಿದ ಜೊತೆಗಾರನಿಲ್ಲದೆ ಆಕೆಯು ಬಹುಕಾಲ ಚಿತ್ರಗಳನ್ನು ಮಾಡಲಿಲ್ಲ. 1970ರಲ್ಲಿ ನೆರಳಿನಾಟಗಳನ್ನೂ ನೆರಳುಚಿತ್ರಗಳನ್ನೂ ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದಳು. 1972ರಲ್ಲಿ ಆಕೆಯನ್ನು ಮರೆತಿದ್ದ ಜರ್ಮನಿಯು ಚಿತ್ರರಂಗದ ಸುವರ್ಣ ಗೌರವವನ್ನು ಕೊಟ್ಟು ಕರೆಯಿತು. ಕೆನಡಾ ದೇಶದ ರಾಷ್ಟ್ರೀಯ ಚಿತ್ರಮಂಡಳಿಯು ಆಮಂತ್ರಿಸಲು, ಎಪ್ಪತ್ತು ದಾಟಿದ ಈ ವೃದ್ಧೆಯು ಅಲ್ಲಿಗೆ ಹೋಗಿ, 1975ರಲ್ಲಿ ಒಂದು, 1979ರಲ್ಲಿ ಇನ್ನೊಂದು ಚಿತ್ರವನ್ನು ಮುಗಿಸಿದಳು.

ಕೊನೆಯ ದಿನಗಳನ್ನು ಆಕೆಯು ಜರ್ಮನಿಯ ಟ್ಯೂಬಿಂಗನ್ ಪಟ್ಟಣಕ್ಕೆ ಸಮೀಪವಾದ ಡೆಟ್ಟನ್‌ಹೌಸನ್ ಎಂಬ ಗ್ರಾಮದಲ್ಲಿ ಕಳೆದು, 1981ನೆಯ ಇಸವಿ ಜೂನ್ 19ನೆಯ ತಾರೀಖು, 82ನೆಯ ವಯಸ್ಸಿನಲ್ಲಿ ನಿಧನ ಹೊಂದಿದಳು. ಆಕೆ ಕತ್ತರಿಸಿದ ಆಕೃತಿಗಳಲ್ಲಿ ಬಹಳಷ್ಟು ಆ ಟ್ಯೂಬಿಂಗನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ಸಂದಿಸಂದಿಗೂ ತಂತಿಯಿಂದ ಕಟ್ಟಿದ ಆ ಪುಟ್ಟ ಬೊಂಬೆಗಳನ್ನು ಅಲ್ಲಿ ನೋಡಬಹುದು.